ಮೊಳಕೆ ಬಂತು, ಬೇರು ಇಳಿಯಲಿಲ್ಲ: ಮದ್ದು ಕಲಸಿದ ಜಾಗದ ಮಣ್ಣಿನ ಕತೆ

ಪ್ರಶ್ನೆ: ಕಟಪಾಡಿ ಹತ್ತಿರ ನಮ್ಮದು ಒಂದು ಎಕರೆ ಅಡಿಕೆ ತೋಟ. ಅಪ್ಪನ ಕಾಲದಿಂದ 30 ವರ್ಷ ಮೈಲುತುತ್ತಿನ ಮದ್ದು ಬಿಟ್ಟಿದ್ದೇವೆ. ವರ್ಷಕ್ಕೆ ಸುಮಾರು 10 ಕೆಜಿ ಮೈಲುತುತ್ತು ಬೇಕಾಗುತ್ತಿತ್ತು. ಮದ್ದು ಕಲಸುತ್ತಿದ್ದ ಮೂಲೆಯಲ್ಲಿ ಈಗ ಮರ ಇಲ್ಲ, ಜಾಗ ಖಾಲಿ. ಅಲ್ಲಿ ಅಲಸಂಡೆ, ಹರಿವೆ, ಸೌತೆ ಹಾಕಿದೆ. ಮೊಳಕೆ ಚೆನ್ನಾಗಿಯೇ ಬರುತ್ತದೆ. ನಾಲ್ಕು ಎಲೆ ಆಗುವಷ್ಟರಲ್ಲಿ ಹಳದಿಯಾಗಿ ಅಲ್ಲಿಗೇ ನಿಲ್ಲುತ್ತದೆ. ತೋಟದ ಅಂಚಿನಲ್ಲಿ ಮಟ್ಟುಗುಳ್ಳದ (ನಮ್ಮ ಊರಿನ ಬದನೆ) ಗಿಡಗಳಿವೆ. ಗಿಡ ಸೊಂಪಾಗಿದೆ, ಆದರೆ ಹೂ ಉದುರುತ್ತದೆ. ತಾಮ್ರ, ಸೀಸ, ಕ್ಯಾಡ್ಮಿಯಂನಂಥ ಭಾರಲೋಹದಿಂದ ಪರಾಗವೇ ಸಾಯುತ್ತದೆ ಎಂದು ಎಲ್ಲೋ ಓದಿದೆ. ನಿಜವಾ ಸರ್? ಹೆದ್ದಾರಿ ಬೇರೆ ಹತ್ತಿರ ಇದೆ. ಈ ಮಣ್ಣಿನಲ್ಲಿ ಬೆಳೆದದ್ದನ್ನು ತಿನ್ನಬಹುದಾ?

ಉತ್ತರ: ನಿಮ್ಮದು ಒಂದು ಪ್ರಶ್ನೆ ಅಲ್ಲ, ಎರಡು. ಮೂಲೆಯ ಸಸಿಗಳ ಕಾಯಿಲೆಯೇ ಬೇರೆ, ಅಂಚಿನ ಗುಳ್ಳದ ಕಾಯಿಲೆಯೇ ಬೇರೆ ಎಂದು ನನಗೆ ಕಾಣುತ್ತದೆ. ಮೊದಲನೆಯದಕ್ಕೆ ಮೈಲುತುತ್ತಿನಲ್ಲಿರುವ ತಾಮ್ರದ ಮೇಲೆ ನನಗೆ ಬಲವಾದ ಅನುಮಾನ. ಎರಡನೆಯದಕ್ಕೆ ಮಣ್ಣಿನ ಲೋಹವನ್ನು ದೂರುವ ಮುಂಚೆ ನೋಡಬೇಕಾದ್ದು ತುಂಬಾ ಇದೆ.

ಮೊದಲು ಲೆಕ್ಕ ಹಾಕೋಣ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ನೀವು ಬಿಡುವ ಮದ್ದು, ಅಂದರೆ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಅಂದರೆ 200 ಲೀಟರಿನ ಒಂದು ಡ್ರಮ್ಮಿನಲ್ಲಿ ಅರ್ಧ ಕೆಜಿ ತಾಮ್ರ. ನೀವು ಹೇಳಿದ 10 ಕೆಜಿಯಲ್ಲಿ ವರ್ಷಕ್ಕೆ ಎರಡೂವರೆ ಕೆಜಿ. 30 ವರ್ಷಕ್ಕೆ 75 ಕೆಜಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 8 ಲಕ್ಷ ಕೆಜಿ ತೂಗುತ್ತದೆ. ಬಿಟ್ಟ ತಾಮ್ರ ಅಷ್ಟೂ ಅಲ್ಲೇ ಉಳಿದು ಸಮನಾಗಿ ಹರಡಿದೆ ಅಂದುಕೊಂಡರೆ ಪ್ರತಿ ಕೆಜಿ ಮಣ್ಣಿಗೆ 90 ಮಿಲಿಗ್ರಾಂ ಮೇಲೆ ಸೇರಿದ ಹಾಗಾಯಿತು. ಸಾಮಾನ್ಯ ಮಣ್ಣಿನಲ್ಲಿ ತಾನಾಗಿ ಇರುವುದು 20–30 ಮಿಲಿಗ್ರಾಂ ಆಸುಪಾಸು. ಯುರೋಪಿನಲ್ಲಿ ಚರಂಡಿ ಕೆಸರನ್ನು ಹೊಲಕ್ಕೆ ಹಾಕುವ ಬಗ್ಗೆ 1986ರಲ್ಲಿ ಮಾಡಿದ ನಿಯಮದಲ್ಲಿ ಮಣ್ಣಿನ ತಾಮ್ರಕ್ಕೆ ಇಟ್ಟ ಮಿತಿ ಕೆಜಿಗೆ 50ರಿಂದ 140 ಮಿಲಿಗ್ರಾಂ. ಆದ್ದರಿಂದ ಇಡೀ ತೋಟಕ್ಕೆ ಹೆದರುವ ಕಾರಣ ಇಲ್ಲ. ಒಂದಷ್ಟು ತಾಮ್ರ ಅಡಿಕೆ ಗೊನೆಯ ಜೊತೆ ಹೊರಗೆ ಹೋಗಿದೆ, ಒಂದಷ್ಟು ಮಳೆಯಲ್ಲಿ ಮಣ್ಣಿನ ಜೊತೆ ಕೊಚ್ಚಿ ತೋಡು ಸೇರಿದೆ.

ಆದರೆ ಆ ಮೂಲೆಯ ಲೆಕ್ಕವೇ ಬೇರೆ. ಮೈಲುತುತ್ತು ಕರಗಿಸುವಾಗ ಚೆಲ್ಲಿದ್ದು, ಡ್ರಮ್ಮಿನ ತಳದಲ್ಲಿ ಉಳಿದ ಮಡ್ಡಿ, ಪೈಪು ತೊಳೆದ ನೀರು, ಮಳೆ ಬಂತೆಂದು ಮಗುಚಿದ ಅರ್ಧ ಡ್ರಮ್ ಮದ್ದು. ಎಲ್ಲ ನಾಲ್ಕು ಹೆಜ್ಜೆ ಜಾಗದಲ್ಲಿ. ತಾಮ್ರ ಮಣ್ಣಿನಲ್ಲಿ ಓಡಾಡುವ ಲೋಹವೂ ಅಲ್ಲ. ಕೊಳೆತ ಸೊಪ್ಪು, ಗೊಬ್ಬರದ ಅಂಶಕ್ಕೆ ಅಂಟಿಕೊಂಡು ಮೇಲಿನ ಪದರದಲ್ಲೇ ಕೂರುತ್ತದೆ. ನಿಮ್ಮ ಬೀಜ ಬಿದ್ದದ್ದು ಸರಿಯಾಗಿ ಅದೇ ಪದರಕ್ಕೆ.

ಈ ಮದ್ದನ್ನು ನಾನು ಬೈಯುತ್ತಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಬಳಕೆಗೆ ತಂದರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟರು. ಇದಿಲ್ಲದಿದ್ದರೆ ನಮ್ಮ ಮಳೆಗೆ ಎಷ್ಟೋ ತೋಟಗಳ ಕತೆ ಮುಗಿಯುತ್ತಿತ್ತು. ಮದ್ದು ಒಳ್ಳೆಯದೇ. ಡ್ರಮ್ ತೊಳೆದ ನೀರು ಎಲ್ಲಿ ಹೋಗುತ್ತದೆ ಎಂದು ನಾವು ಯಾರೂ ಯೋಚಿಸಲಿಲ್ಲ, ಅಷ್ಟೆ.

ನಾನೂ ಯೋಚಿಸಿರಲಿಲ್ಲ. ನಮ್ಮ ಮನೆಯ ಬಾವಿಕಟ್ಟೆಯ ಕೆಳಗೆ ಡ್ರಮ್ ತೊಳೆದ ನೀರು ಹರಿಯುವ ಕಣಿ ಇತ್ತು. ಒಂದು ವರ್ಷ ಅದರ ಬದಿಗೆ ಹರಿವೆ ಬೀಜ ಚೆಲ್ಲಿದೆ. ನಾಲ್ಕನೇ ದಿನಕ್ಕೆ ಕೆಂಪು ಚಾಪೆ ಹಾಸಿದ ಹಾಗೆ ಮೊಳೆಯಿತು. ಮೂರನೇ ವಾರಕ್ಕೂ ಚಾಪೆ ಚಾಪೆಯಾಗಿಯೇ ಇತ್ತು. ಕಿತ್ತು ನೋಡಿದರೆ ಬೇರು ಎಂಬುದು ಉಗುರಿನಷ್ಟು ಉದ್ದ, ತುದಿ ಕಂದು, ದಪ್ಪ, ಕೊಕ್ಕೆಯ ಹಾಗೆ ಬಗ್ಗಿದೆ. ಪಕ್ಕದ ಕವಲು ಬೇರಿನ ಸುಳಿವಿಲ್ಲ. ಸಸ್ಯಶಾಸ್ತ್ರದ ಪಾಠ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡವನಿಗೆ ಅಂಗಳದಲ್ಲೇ ಪಾಠ ಆಯಿತು.

ಹಾಗಾದರೆ ಮೊಳಕೆ ಯಾಕೆ ಬಂತು? ಬೀಜದ ಒಳಗೆ ಬುತ್ತಿ ಇದೆ, ಹೊರಗೆ ಸಿಪ್ಪೆ ಇದೆ. ಮೊದಲ ದಿನ ಬೀಜ ಮಾಡುವುದು ನೀರು ಕುಡಿದು ಉಬ್ಬುವ ಕೆಲಸ ಒಂದೇ. ಆಗ ಹೆಚ್ಚಿನ ಲೋಹವನ್ನು ಸಿಪ್ಪೆ ಹೊರಗೇ ಹಿಡಿದು ನಿಲ್ಲಿಸುತ್ತದೆ. ಸೀಸ ಅಂತೂ ಬಹಳ ಜಾತಿಯ ಬೀಜಗಳಲ್ಲಿ ಸಿಪ್ಪೆ ಒಡೆಯುವ ತನಕ ಒಳಗೆ ಹೋಗುವುದಿಲ್ಲ. ಆಮೇಲೆ ಬುತ್ತಿ ಬಿಚ್ಚುವ ಹಂತ. ಭತ್ತದಂಥ ಬೀಜದಲ್ಲಿ ಹಿಟ್ಟು ಸಕ್ಕರೆಯಾಗಬೇಕು. ಆ ಕೆಲಸ ಮಾಡುವ ಅಮೈಲೇಸ್ ಎಂಬ ಕಿಣ್ವವನ್ನು ಕ್ಯಾಡ್ಮಿಯಂ, ತಾಮ್ರ ಜಾಸ್ತಿಯಾದರೆ ನಿಧಾನ ಮಾಡುತ್ತವೆ. ಆದರೂ ಲೋಹ ತೀರಾ ಹೆಚ್ಚಿದ್ದರೆ ಮಾತ್ರ ಮೊಳಕೆಯೇ ನಿಲ್ಲುವುದು. ಮಧ್ಯಮ ಮಟ್ಟದಲ್ಲಿ ಮೊಳಕೆ ಒಂದೆರಡು ದಿನ ತಡವಾದೀತು, ಬಂದೇ ಬರುತ್ತದೆ.

ನಿಜವಾದ ಪೆಟ್ಟು ಬೀಳುವುದು ಬೇರಿನ ತುದಿಗೆ. ಅದಕ್ಕೆ ಸಿಪ್ಪೆಯ ರಕ್ಷಣೆ ಇಲ್ಲ. ಮಣ್ಣಿನ ನೀರಿಗೆ ಮೈಯೊಡ್ಡಿ ಇಳಿಯಬೇಕು. ಜೀವಕೋಶಗಳು ಒಂದು ಎರಡಾಗುವುದು, ಉದ್ದವಾಗುವುದು ಎಲ್ಲ ಆ ತುದಿಯ ಕೆಲವು ಮಿಲಿಮೀಟರಿನಲ್ಲೇ. ತಾಮ್ರ ಅಲ್ಲಿಯ ಕೋಶಗಳ ಪೊರೆಯನ್ನು ಕೆಡಿಸುತ್ತದೆ. ಒಳಗಿನ ಪೊಟ್ಯಾಸಿಯಂ ಸೋರಿ ಹೊರಗೆ ಬರುತ್ತದೆ. ಬೇರು ಮೋಟಾಗುತ್ತದೆ, ಬೇರುಕೂದಲು ಹುಟ್ಟುವುದಿಲ್ಲ. ವಿಷದ ಪರೀಕ್ಷೆ ಮಾಡುವ ಪ್ರಯೋಗಾಲಯದವರು ಎಷ್ಟು ಬೀಜ ಮೊಳೆಯಿತು ಎಂಬುದಕ್ಕಿಂತ ಬೇರು ಎಷ್ಟು ಉದ್ದ ಬಂತು ಎಂದು ಅಳೆಯುವುದು ಇದಕ್ಕೇ.

ನಿಮ್ಮ ಸಸಿ ಹಳದಿಯಾಗುವುದಕ್ಕೂ ಇದೇ ಕಾರಣ ಇರಬಹುದು. ತಾಮ್ರ ಅತಿಯಾದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಳೆ ಎಲೆ ಹಳದಿ, ನರಗಳು ಮಾತ್ರ ಹಸಿರು. ಮುರಕಲ್ಲಿನ ಕೆಂಪು ಮಣ್ಣು, ತುಂಬಾ ಕಬ್ಬಿಣ, ಅದರ ಮೇಲೆ ನಿಂತ ಗಿಡಕ್ಕೆ ಕಬ್ಬಿಣದ ಬರ! ಹಳದಿ ಬಂದದ್ದು ಮೇಲಿನ ಎಳೆ ಎಲೆಗೋ ಕೆಳಗಿನ ಹಳೆ ಎಲೆಗೋ ನೋಡಿ. ಕೆಳಗಿನದಕ್ಕೆ ಮೊದಲು ಬಂದರೆ ಅದು ಸಾರಜನಕದ ಕೊರತೆ ಇರಬಹುದು, ತಾಮ್ರದ ತಂಟೆಗೆ ಹೋಗಬೇಡಿ.

ಇನ್ನೊಬ್ಬ ಆರೋಪಿಯನ್ನೂ ಕೂರಿಸಿಕೊಳ್ಳಬೇಕು. ನಮ್ಮ ಕರಾವಳಿಯ ಮಣ್ಣು ಹುಳಿ ಮಣ್ಣು. ಜೋರು ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು ಒಯ್ಯುತ್ತದೆ. ಹುಳಿ ಅಳೆಯುವ ಅಂಕಿ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕೆಳಗೆ ಹೋದರೆ ಮಣ್ಣಿನಲ್ಲೇ ಇರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಹಾಳು ಮಾಡುತ್ತದೆ. ಅದು ಭಾರಲೋಹ ಅಲ್ಲ, ಯಾರೂ ತಂದು ಸುರಿದದ್ದೂ ಅಲ್ಲ. ಆದರೆ ಬೇರು ಮಾತ್ರ ಹಾಗೆಯೇ ಮೋಟು, ಹಾಗೆಯೇ ಕಂದು. ತಾಮ್ರವೂ ಹುಳಿ ಮಣ್ಣಿನಲ್ಲೇ ಹೆಚ್ಚು ಬಿಡುಗಡೆಯಾಗುವುದು. ಇಬ್ಬರನ್ನೂ ಬೇರೆ ಮಾಡಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ.

ಮಾಡಿಗೆ ಕಟ್ಟಿ ತೂಗುಹಾಕಿದ ಮಂಗಳೂರು ಸೌತೆ ಇದ್ದರೆ ಒಂದನ್ನು ಇಳಿಸಿ. ಬೀಜ ತೊಳೆದು, ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ. ಒಂದೇ ಕಾಯಿಯ ಬೀಜ ಆದರೆ ಒಳ್ಳೆಯದು, ಬೀಜ ಹಳತು ಎಂಬ ಜಗಳ ಇರುವುದಿಲ್ಲ. ನಾಲ್ಕು ಚಟ್ಟಿ ತಗೊಳ್ಳಿ. ಒಂದಕ್ಕೆ ಆ ಮೂಲೆಯ ಮಣ್ಣು. ಎರಡನೆಯದಕ್ಕೆ ಮದ್ದು ತಾಗದ ಗುಡ್ಡೆಯ ಮಣ್ಣು. ಮೂರನೆಯದಕ್ಕೆ ಮೂಲೆಯ ಮಣ್ಣಿಗೆ ಒಂದು ಚಮಚ ಸುಣ್ಣ ಕಲಸಿ ಎರಡು ವಾರ ಒದ್ದೆ ಮಾಡಿ ಇಟ್ಟದ್ದು. ನಾಲ್ಕನೆಯದಕ್ಕೆ ಗುಡ್ಡೆಯ ಮಣ್ಣಿಗೆ ಅದೇ ರೀತಿ ಸುಣ್ಣ. ಪ್ರತಿಯೊಂದಕ್ಕೂ 20 ಬೀಜ. ಒಂದೇ ಜಾಗದಲ್ಲಿಡಿ, ಒಂದೇ ನೀರು. ಬಿತ್ತಿದ ಎಂಟನೇ ದಿನ ಚಟ್ಟಿಯನ್ನು ನೀರಿನ ಬಾಲ್ದಿಯಲ್ಲಿ ಮುಳುಗಿಸಿ ಮಣ್ಣು ಬಿಡಿಸಿ. ಎಳೆಯಬೇಡಿ, ಬೇರು ತುಂಡಾಗುತ್ತದೆ. ಮಕ್ಕಳ ಸ್ಕೇಲಿನಲ್ಲಿ ಬೇರಿನ ಉದ್ದ ಅಳೆದು ಬರೆಯಿರಿ.

ಗುಡ್ಡೆಯ ಮಣ್ಣಿನಲ್ಲೂ ಬೇರು ಮೋಟಾಗಿ, ಸುಣ್ಣ ಹಾಕಿದ ಎರಡರಲ್ಲೂ ಚೆನ್ನಾಗಿ ಬಂದರೆ ಹುಳಿಯೇ ಮುಖ್ಯ ಕಾರಣ. ಗುಡ್ಡೆಯಲ್ಲಿ ಸರಿಯಾಗಿದ್ದು ಮೂಲೆಯಲ್ಲಿ ಮಾತ್ರ ಕೆಟ್ಟರೆ ತಾಮ್ರದ ಕಡೆ ಬೆರಳು ತೋರಿಸಬಹುದು. ಸುಣ್ಣ ಹಾಕಿದರೂ ಮೂಲೆಯ ಬೇರು ಪೂರ್ತಿ ಸುಧಾರಿಸದಿದ್ದರೆ ಇನ್ನೂ ಖಾತ್ರಿ. ಮಣ್ಣು ಪರೀಕ್ಷೆಯನ್ನೂ ಮಾಡಿಸಿ. ನಿಮಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಅಲ್ಲಿ ಕೇಳಿ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಪಿಎಚ್, ತಾಮ್ರ, ಬೋರಾನ್ ಮೂರೂ ಇವೆ. ಒಂದು ಮಾತು: ಚೀಟಿಯಲ್ಲಿ ತಾಮ್ರವನ್ನು ಕೊರತೆ ಇದೆಯಾ ಎಂಬ ಕಣ್ಣಿನಿಂದ ನೋಡುತ್ತಾರೆ. ಕೆಜಿಗೆ 0.2 ಮಿಲಿಗ್ರಾಂ ದಾಟಿದರೆ 'ಸಾಕಷ್ಟಿದೆ' ಎಂದು ಬರೆದುಬಿಡುತ್ತಾರೆ. ಅತಿಯಾಗಿದೆಯಾ ಎಂದು ತಿಳಿಯಬೇಕಾದರೆ ಅಂಕಿಯನ್ನೇ ನೋಡಬೇಕು, ಗುಡ್ಡೆಯ ಮಣ್ಣಿನದನ್ನೂ ಜೊತೆಗೆ ಮಾಡಿಸಿ ಹೋಲಿಸಬೇಕು. ಸೀಸ, ಕ್ಯಾಡ್ಮಿಯಂ ಆ ಚೀಟಿಯಲ್ಲಿ ಇಲ್ಲ. ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ಈಗ ಪರಾಗಕ್ಕೆ ಬರೋಣ. ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ಎಲ್ಲಿ ನಿಜ ಎಂಬುದು ಮುಖ್ಯ.

ಪರಾಗದ ಕಣ ಹೂವಿನ ಶಲಾಕಾಗ್ರದ, ಅಂದರೆ ನಡುವಿನ ಹೆಣ್ಣು ಕಡ್ಡಿಯ ತುದಿಯ ಮೇಲೆ ಬಿದ್ದಾಗ ಅದೂ ಬೀಜದ ಹಾಗೆ ನೀರು ಕುಡಿದು ಮೊಳೆಯುತ್ತದೆ. ಒಂದು ಸಪೂರ ನಳಿಕೆ ಹೊರಡುತ್ತದೆ. ಅದು ಅಂಡಾಶಯದ ತನಕ ಇಳಿದರೆ ಮಾತ್ರ ಕಾಯಿ. ಜೋಳದ ಪರಾಗದ ನಳಿಕೆ ಗಂಟೆಗೆ ಒಂದು ಸೆಂಟಿಮೀಟರಿನ ತನಕ ಓಡುತ್ತದೆ ಎಂದರೆ ನಂಬಿ. ಈ ಓಟಕ್ಕೆ ತುದಿಯಲ್ಲಿ ಕ್ಯಾಲ್ಸಿಯಂ ಸರಿಯಾದ ಪ್ರಮಾಣದಲ್ಲಿ ಇರಬೇಕು, ಬೋರಾನ್ ಬೇಕು. ಕ್ಯಾಡ್ಮಿಯಂ, ಸೀಸ, ತಾಮ್ರ ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗಿದರೆ ನಳಿಕೆಯ ದಿಕ್ಕು ತಪ್ಪುತ್ತದೆ. ತುದಿ ಉಬ್ಬುತ್ತದೆ, ಸುರುಳಿಯಾಗುತ್ತದೆ, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಬೀಜಕ್ಕಿದ್ದ ಬುತ್ತಿಯೂ ಇಲ್ಲಿ ಅಷ್ಟಿಲ್ಲ, ರಕ್ಷಣೆಯೂ ಇಲ್ಲ.

ಇದನ್ನು ಕಣ್ಣಾರೆ ನೋಡಬಹುದು. ನಾನು ತರಗತಿಯಲ್ಲಿ ನಿತ್ಯಪುಷ್ಪದ ಪರಾಗ ಬಳಸುತ್ತಿದ್ದೆ. ಮಳೆಗಾಲದಲ್ಲಿ ಕರ್ಣಕುಂಡಲ. 100 ಮಿಲಿಲೀಟರ್ ನೀರಿಗೆ 10 ಗ್ರಾಂ ಸಕ್ಕರೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಬೋರಿಕ್ ಪೌಡರ್. ಕೇರಂ ಬೋರ್ಡಿಗೆ ಹಾಕುತ್ತೇವಲ್ಲ, ಅದೇ. ಗಾಜಿನ ಮೇಲೆ ಒಂದು ಹನಿ, ಅದರ ಮೇಲೆ ಪರಾಗ. ಅರ್ಧ ಗಂಟೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಕಣದಿಂದಲೂ ಶಾವಿಗೆ ಎಳೆ ಹೊರಟಿರುತ್ತದೆ. ಇನ್ನೊಂದು ಗಾಜಿಗೆ ಅದೇ ಸಕ್ಕರೆ ನೀರು, ಜೊತೆಗೆ ಮೈಲುತುತ್ತಿನ ನೀರು, ಕಣ್ಣಿಗೆ ನೀಲಿ ಕಾಣದಷ್ಟು ತೆಳು. ಅಲ್ಲಿ ಹೆಚ್ಚಿನ ಕಣಗಳು ಉಬ್ಬಿ ಸುಮ್ನೆ ಕೂತಿರುತ್ತವೆ. ಹೊರಟ ಒಂದೆರಡು ಎಳೆಗಳೂ ಗಿಡ್ಡ, ತುದಿ ಗುಂಡು. ಮಕ್ಕಳು ಒಮ್ಮೆ ನೋಡಿದರೆ ಮತ್ತೆ ಆ ಪಾಠ ಮರೆಯುವುದಿಲ್ಲ.

ಆದರೆ ಅದು ಗಾಜಿನ ಮೇಲಿನ ಹನಿ. ಲೋಹ ನೇರವಾಗಿ ಪರಾಗಕ್ಕೆ ತಾಗಿದೆ. ತೋಟದಲ್ಲಿ ಮಣ್ಣಿನ ತಾಮ್ರ ಬೇರು ದಾಟಿ, ಕಾಂಡ ಹತ್ತಿ, ಹೂವಿನಲ್ಲಿ ಪರಾಗ ಹುಟ್ಟುವ ಕೇಸರಕ್ಕೆ ಮುಟ್ಟಬೇಕು. ಗಿಡ ಅಷ್ಟು ದಡ್ಡ ಅಲ್ಲ. ತಾಮ್ರ, ಸೀಸ ಎರಡನ್ನೂ ಬಹುಪಾಲು ಬೇರಿನಲ್ಲೇ ತಡೆದು ಇಟ್ಟುಕೊಳ್ಳುತ್ತದೆ. ಮಣ್ಣಿನ ತಾಮ್ರ ನಿಮ್ಮ ಗುಳ್ಳದ ಪರಾಗ ಕೊಲ್ಲುವಷ್ಟಿದ್ದರೆ ಗಿಡ ಸೊಂಪಾಗಿ ನಿಲ್ಲುತ್ತಿರಲಿಲ್ಲ. ಅದೂ ಮೂಲೆಯ ಸಸಿಗಳ ಹಾಗೆ ಮುದುಡಿರುತ್ತಿತ್ತು. ನೀವೇ 'ಸೊಂಪಾಗಿದೆ' ಎಂದು ಬರೆದಿದ್ದೀರಿ, ನನಗೆ ಅದೇ ಸಾಕ್ಷಿ.

ಇನ್ನೊಂದು ತಮಾಷೆ ಗೊತ್ತಾ? ತಾಮ್ರ ಕಡಿಮೆಯಾದರೂ ಪರಾಗ ಕೆಡುತ್ತದೆ. ತಾಮ್ರದ ಕೊರತೆ ಇರುವ ಗೋಧಿಯಲ್ಲಿ ಪರಾಗ ಬಂಜೆಯಾಗಿ ಕಾಳು ಕಟ್ಟುವುದಿಲ್ಲ.

ಮಣ್ಣಿನಿಂದ ಬಾರದ ತಾಮ್ರ ಮೇಲಿನಿಂದ ಬರಬಹುದು. ಅಡಿಕೆಗೆ ಮದ್ದು ಬಿಡುವಾಗ ಕೆಳಗಿನ ಗುಳ್ಳ ಹೂ ಬಿಟ್ಟಿತ್ತಾ? ಮರದಿಂದ ತೊಟ್ಟಿಕ್ಕಿದ ಮದ್ದು ಅರಳಿದ ಹೂವಿಗೆ ಬಿದ್ದರೆ ಶಲಾಕಾಗ್ರದ ಮೇಲೆ ಆಗುವುದು ಗಾಜಿನ ಮೇಲೆ ಆದದ್ದೇ. ಅಡಿಕೆಗೆ ಇದರಿಂದ ತೊಂದರೆ ಇಲ್ಲ, ಅದರ ಹಿಂಗಾರ ಅರಳಿ ಕಾಯಿ ಕಚ್ಚಿ ಆದ ಮೇಲೆ ಮಳೆಗಾಲದ ಮದ್ದು ಬೀಳುವುದು. ಕೆಳಗಿನ ತರಕಾರಿಗೆ ಆ ಭಾಗ್ಯ ಇಲ್ಲ. ಮದ್ದು ಬಿಡುವ ದಿನ ಟರ್ಪಾಲು ಮುಚ್ಚಿ, ಇಲ್ಲವೇ ಆ ಸಾಲನ್ನು ಬಿಟ್ಟುಬಿಡಿ. ಮದ್ದು ಹದವಾಗಿದೆಯಾ ಎಂದು ಚೂರಿ ಅದ್ದಿ ನೋಡುವ ಅಭ್ಯಾಸ ನಿಮ್ಮ ಅಪ್ಪನಿಗೂ ಇದ್ದಿರಬೇಕು. ಚೂರಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಬಿಡಿ ತಾಮ್ರ ಇದೆ ಎಂದರ್ಥ. ಹೂವಿಗೂ ಎಳೆ ಎಲೆಗೂ ಕಂಟಕ ಆ ಬಿಡಿ ತಾಮ್ರವೇ. ಆ ಚೂರಿಯನ್ನು ಬಿಡಬೇಡಿ.

ಮದ್ದು ಬೀಳದೆಯೂ ಹೂ ಉದುರಿದ್ದರೆ? ಗುಳ್ಳದ ಹೂವನ್ನು ಒಂದು ಬೆಳಿಗ್ಗೆ ಹತ್ತಿರ ಕೂತು ನೋಡಿ. ನಡುವಿನ ಹಸಿರು ಕಡ್ಡಿ ಹಳದಿ ಕೇಸರಗಳಿಗಿಂತ ಹೊರಗೆ ಚಾಚಿದ್ದರೆ ಅದು ಕಾಯಿ ಕಚ್ಚುವ ಹೂ. ಕಡ್ಡಿ ಗಿಡ್ಡವಾಗಿ ಕೇಸರದ ಒಳಗೇ ಅಡಗಿದ್ದರೆ ಅದು ಹೇಗಿದ್ದರೂ ಉದುರುವ ಹೂ. ಬದನೆ ಜಾತಿಯಲ್ಲಿ ಇದು ಸಹಜ. ಅಂಥದ್ದು ಉದುರಿದರೆ ಲೋಹವೂ ಇಲ್ಲ, ಮಾಟವೂ ಇಲ್ಲ. ಗಿಡ ಅತಿ ಸೊಂಪಾಗಿ, ಮೇಲೆ ಅಡಿಕೆಯ ನೆರಳೂ ಇದ್ದರೆ ಯೂರಿಯಾ ಅಥವಾ ಹಟ್ಟಿಗೊಬ್ಬರ ಜಾಸ್ತಿ ಆಗಿದೆಯಾ ಯೋಚಿಸಿ. ಮಾರ್ಚ್ ಕಳೆದ ಮೇಲಿನ ಸೆಕೆಗೂ ಪರಾಗ ಸೊರಗುತ್ತದೆ. ಮತ್ತೆ, ಬದನೆಯ ಕೇಸರದ ತುದಿಯಲ್ಲಿ ಸಣ್ಣ ತೂತು ಮಾತ್ರ ಇರುವುದು. ಉಪ್ಪಿನ ಡಬ್ಬಿಯ ಹಾಗೆ ಅಲ್ಲಾಡಿಸಿದರೆ ಪರಾಗ ಉದುರುತ್ತದೆ. ಮರ ಕೊರೆಯುವ ಆ ದಪ್ಪ ಕರಿ ದುಂಬಿ ಹೂ ತಬ್ಬಿ ಝೇಂಕರಿಸಿ ಉದುರಿಸುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಗೊತ್ತಿಲ್ಲ. ಒಣ ಮರದ ದಿಮ್ಮಿಗಳನ್ನೆಲ್ಲ ಸುಟ್ಟು ದುಂಬಿಗೆ ಮನೆಯೇ ಇಲ್ಲದ ಹಾಗೆ ಮಾಡಿ ಆಮೇಲೆ ಹೂ ಉದುರಿತು ಎಂದರೆ ಹೇಗೆ ಮಾರಾಯ್ರೆ? ಬೆಳಿಗ್ಗೆ ಬೆರಳಿನಿಂದ ಹೂವಿನ ತೊಟ್ಟನ್ನು ಮೆಲ್ಲ ಮಿಡಿದು ನೋಡಿ, ಒಂದು ವಾರ ಹತ್ತು ಗಿಡಕ್ಕೆ. ಅಷ್ಟರಿಂದ ಕಾಯಿ ಹೆಚ್ಚಿದರೆ ಉತ್ತರ ಸಿಕ್ಕಿತು. ಬೋರಾನನ್ನೂ ಮರೆಯಬೇಡಿ. ನಮ್ಮ ಮಳೆ ಅದನ್ನು ತೊಳೆದುಬಿಡುತ್ತದೆ, ಮಣ್ಣಿನ ಚೀಟಿಯಲ್ಲಿ ಗೊತ್ತಾಗುತ್ತದೆ. ಕೊರತೆ ಎಂದು ಬಂದರೆ ಮಾತ್ರ ಹಾಕಿ. ಸ್ವಲ್ಪ ಹೆಚ್ಚಾದರೂ ಅದೇ ವಿಷ.

ಹೆದ್ದಾರಿಯ ಚಿಂತೆ ಸ್ವಲ್ಪ ಕಡಿಮೆ ಮಾಡಿ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ದಲ್ಲೇ ನಿಂತಿತು. ಹಳೆಯ ರಸ್ತೆಬದಿಯ ಮೇಲ್ಮಣ್ಣಿನಲ್ಲಿ ಆಗಿನ ಸೀಸ ಉಳಿದಿರುತ್ತದೆ. ಈಗ ಬರುವುದು ಟಯರಿನಿಂದ ಸತು, ಬ್ರೇಕಿನಿಂದ ತಾಮ್ರ. ರಸ್ತೆಯಿಂದ ದೂರ ಹೋದಂತೆ ಬೇಗ ಇಳಿಯುತ್ತದೆ. ರಸ್ತೆಗೆ ತಾಗಿದ ಕಂಟದ ಬದಿಗೆ ಬಸಳೆ ಚಪ್ಪರ ಹಾಕಬೇಡಿ, ಅಲ್ಲಿ ದಾಸವಾಳದ ಬೇಲಿ ಇರಲಿ.

ತಿನ್ನುವ ವಿಚಾರ. ತಾಮ್ರದ ಬಗ್ಗೆ ನಿಮಗಿಂತ ಮೊದಲು ಗಿಡವೇ ಹೆದರುತ್ತದೆ. ಮನುಷ್ಯನಿಗೆ ತೊಂದರೆ ಕೊಡುವಷ್ಟು ತಾಮ್ರ ಕಾಯಿಗೆ ಸೇರುವ ಮುಂಚೆಯೇ ಗಿಡ ಸೊರಗುತ್ತದೆ. ಹಾಗಾಗಿ ಗುಳ್ಳ ಧಾರಾಳ ತಿನ್ನಿ. ಸೀಸ ಎಲೆಯ ಮೇಲಿನ ಧೂಳಿನಲ್ಲಿ, ಗಡ್ಡೆಯ ಸಿಪ್ಪೆಯ ಮಣ್ಣಿನಲ್ಲಿ ಬರುವುದೇ ಹೆಚ್ಚು. ಚೆನ್ನಾಗಿ ತೊಳೆಯಿರಿ, ಸಿಪ್ಪೆ ತೆಗೆಯಿರಿ. ನನಗೆ ಭಯ ಇರುವುದು ಕ್ಯಾಡ್ಮಿಯಂ ಒಂದರದ್ದೇ. ಅದು ಗಿಡಕ್ಕೆ ಏನೂ ಆಗದ ಹಾಗೆ ಎಲೆಗೆ ಹತ್ತುತ್ತದೆ. ಹರಿವೆಯ ಜಾತಿ ಅದನ್ನು ಹೀರುವುದರಲ್ಲಿ ಮುಂದೆ. ಹಳೆ ಬ್ಯಾಟರಿ, ಬಣ್ಣದ ಡಬ್ಬ, ಗುಜರಿ ಸಾಮಾನು ಸುಟ್ಟ ಜಾಗ ನಿಮ್ಮ ಹಿತ್ತಿಲಲ್ಲಿ ಇದ್ದರೆ ಅಲ್ಲಿ ಸೊಪ್ಪು ಬೆಳೆಯಬೇಡಿ. ಬರೇ ಮೈಲುತುತ್ತಿನ ಮೂಲೆಯಾದರೆ ಆ ಹೆದರಿಕೆ ಇಲ್ಲ.

ಆ ಮೂಲೆಗೆ ಏನು ಮಾಡುವುದು? ತಾಮ್ರವನ್ನು ಅಲ್ಲಿಂದ ಓಡಿಸಲು ಆಗುವುದಿಲ್ಲ. ಸಾಸಿವೆ ಬೆಳೆಸಿ ಲೋಹ ಹೀರಿಸಿ ಎನ್ನುವವರಿದ್ದಾರೆ. ತಾಮ್ರದ ಮಟ್ಟಿಗೆ ಅದಕ್ಕೆ ನಿಮ್ಮ ಆಯುಷ್ಯ ಸಾಲದು. ಕಟ್ಟಿಹಾಕಬಹುದು. ಪಿಎಚ್ ನೋಡಿ ಸುಣ್ಣ ಹಾಕಿ 6ರ ಮೇಲೆ ತನ್ನಿ. ಹಟ್ಟಿಗೊಬ್ಬರ, ಕೊಳೆತ ತರಗೆಲೆ ಧಾರಾಳ ಸೇರಿಸಿ. ನಮ್ಮ ಹಿರಿಯರು ಮಾಡುತ್ತಿದ್ದ ಸುಡುಮಣ್ಣು (ತರಗೆಲೆ, ಕಸಕಡ್ಡಿಯ ಜೊತೆ ಸುಟ್ಟ ಮಣ್ಣು) ಇಲ್ಲಿ ಒಳ್ಳೆಯ ಮದ್ದು. ಬೂದಿ ಹುಳಿ ಇಳಿಸುತ್ತದೆ, ಇದ್ದಿಲಿನ ಚೂರು ಲೋಹ ಹಿಡಿಯುತ್ತದೆ. ಜಾಗ ನಾಲ್ಕು ಹೆಜ್ಜೆಯಷ್ಟೇ ಆದರೆ ನನ್ನ ಸಲಹೆ ಇನ್ನೂ ಸರಳ. ಅರ್ಧ ಅಡಿ ಮಣ್ಣು ಕೆರೆದು ಬೇರೆ ಮಾಡಿ, ಬಾವಿಗೂ ತೋಡಿಗೂ ದೂರವಾಗಿ ತೆಂಗಿನ ಗುಂಡಿ ಬಿಟ್ಟು ಬೇರೆ ಕಡೆ ಹೂಳಿ. ಗುಡ್ಡೆಯ ಮಣ್ಣು, ಗೊಬ್ಬರ ತುಂಬಿಸಿ ಬೀಜ ಹಾಕಿ.

ಮುಂದಿನ ಮಳೆಗಾಲಕ್ಕೆ ಮದ್ದು ಕಲಸುವ ಜಾಗ ಒಂದನ್ನು ಸಿಮೆಂಟ್ ಮಾಡಿಸಿ. ಡ್ರಮ್ ತೊಳೆದ ನೀರನ್ನು ಅಲ್ಲೇ ಹಿಡಿದು ಮಾರನೆ ದಿನದ ಮದ್ದಿಗೆ ಸೇರಿಸಿ. ತೋಡಿಗೆ ಬಿಡಬೇಡಿ, ಮೀನಿಗೆ ತಾಮ್ರ ನಮಗಿಂತ ಎಷ್ಟೋ ಪಟ್ಟು ಬೇಗ ವಿಷ. ಚಟ್ಟಿಯ ಸೌತೆ ಬೇರಿನ ಉದ್ದ ಎಷ್ಟೆಷ್ಟು ಬಂತು ಎಂದು ಬರೆದು ಕಳಿಸಿ. ಚಟ್ಟಿಗೆ ನಂಬರು ಹಾಕಲು ಮರೆಯಬೇಡಿ, ನಾನು ಒಮ್ಮೆ ಮರೆತು ಎಂಟು ದಿನ ದಂಡ ಮಾಡಿಕೊಂಡಿದ್ದೇನೆ.